ಡಿಎನ್‌ಎ ನಕಲು: ಕಟ್ಟಳೆ ಒಂದು, ಕಿಣ್ವಗಳು ಬೇರೆ

ಬೆಳಗಾವಿಯ ಟಿಳಕವಾಡಿಯಲ್ಲಿರುವ ವ್ಯಾಕ್ಸಿನ್ ಡಿಪೊ ಇಂದಿನವರಿಗೆ ಮರಗಳ ನೆರಳಿನ ದೊಡ್ಡ ಮೈದಾನ. ಸಿಡುಬನ್ನು ದೇಶದಿಂದ ಓಡಿಸುವ ಕೆಲಸ ನಡೆದಿದ್ದಾಗ ಅಲ್ಲಿನ ಸಂಸ್ಥೆ ಲಸಿಕೆ ತಯಾರಿಸುತ್ತಿತ್ತು. ಬಿಸಿಲಿನಲ್ಲೂ ಕೆಡದಂತೆ ಒಣಗಿಸಿದ ಸಿಡುಬಿನ ಲಸಿಕೆಯನ್ನು ಭಾರತದಲ್ಲಿ ಮಾಡಿದ ನಾಲ್ಕು ಸಂಸ್ಥೆಗಳಲ್ಲಿ ಬೆಳಗಾವಿಯದು ಒಂದು. ಉಳಿದವು ಪಟವಾಡಂಗರ್, ಗಿಂಡಿ ಮತ್ತು ಹೈದರಾಬಾದಿನವು. ಇತ್ತ ಖಾನಾಪುರ ದಾಟಿ ಜಾಂಬೋಟಿ, ಕಣಕುಂಬಿಯತ್ತ ಹೋದರೆ ಘಟ್ಟದ ಕಾಡು ಶುರುವಾಗುತ್ತದೆ. ಮರಾಠಿಯಲ್ಲಿ ನರಕ್ಯಾ ಎಂದು ಕರೆಯುವ, ಸಸ್ಯಶಾಸ್ತ್ರದಲ್ಲಿ ನೊಥಾಪೊಡೈಟಿಸ್ ನಿಮ್ಮೋನಿಯಾನ ಎಂಬ ಹೆಸರಿನ ಸಣ್ಣ ಮರ ಈ ಘಟ್ಟಸಾಲಿನದು. ಲಸಿಕೆಯೊಳಗಿನ ವೈರಾಣು, ಈ ಮರದ ತೊಗಟೆಯೊಳಗಿನ ವಿಷ, ಬೆಳಗಾವಿಯ ಯಾವುದೇ ಔಷಧ ಅಂಗಡಿಯಲ್ಲಿ ಸಿಗುವ ಸಿಪ್ರೋಫ್ಲಾಕ್ಸಾಸಿನ್ ಮಾತ್ರೆ, ಈ ಮೂರನ್ನೂ ಒಟ್ಟಿಗೆ ಅರ್ಥಮಾಡಿಕೊಳ್ಳಬೇಕಾದರೆ ಜೀವಕೋಶ ತನ್ನ ಡಿಎನ್‌ಎಯನ್ನು ಹೇಗೆ ನಕಲು ಮಾಡುತ್ತದೆ ಎಂಬುದನ್ನು ತಿಳಿಯಬೇಕು. ಆ ತಿಳಿವಳಿಕೆ ಬೆಳೆದುಬಂದ ದಾರಿಯನ್ನು ನೋಡಿದಷ್ಟೂ ನನಗೆ ಒಂದು ಮಾತು ಗಟ್ಟಿಯಾಗುತ್ತಿದೆ: ನಕಲಿನ ರಸಾಯನ ಎಲ್ಲ ಜೀವಿಗಳಲ್ಲೂ ಒಂದೇ, ಆದರೆ ಅದನ್ನು ನಡೆಸುವ ಕಿಣ್ವಗಳು ಒಂದೇ ಅಲ್ಲ. ವೈದ್ಯಕೀಯಕ್ಕೆ ಜಾಗ ಸಿಕ್ಕಿರುವುದು ಆ ಅಂತರದಲ್ಲಿ.

1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಜೋಡಿಸುರುಳಿಯ ರಚನೆಯನ್ನು ಪ್ರಕಟಿಸಿದಾಗಲೇ ನಕಲಿನ ಸುಳಿವು ಅದರಲ್ಲಿತ್ತು. ಡಿಎನ್‌ಎಯ ಅಕ್ಷರಗಳಲ್ಲಿ ಎ ಎದುರಿಗೆ ಟಿ, ಜಿ ಎದುರಿಗೆ ಸಿ. ಎರಡು ಎಳೆಗಳನ್ನು ಬಿಡಿಸಿದರೆ ಪ್ರತಿಯೊಂದೂ ಹೊಸ ಜೊತೆಗಾರ ಎಳೆಗೆ ಅಚ್ಚಾಗಬಲ್ಲದು. ಹಾಗೆಯೇ ಆಗುತ್ತದೆ ಎಂಬುದಕ್ಕೆ ಎಲ್ಲ ಪಠ್ಯಪುಸ್ತಕಗಳೂ ಕೊಡುವ ಸಾಕ್ಷಿ ಮೆಸೆಲ್ಸನ್ ಮತ್ತು ಸ್ಟಾಲ್ 1958ರಲ್ಲಿ ಪ್ರಕಟಿಸಿದ ಪ್ರಯೋಗ. ಇ. ಕೋಲಿ ಬ್ಯಾಕ್ಟೀರಿಯಾವನ್ನು ಅವರು ಮೊದಲು ಭಾರವಾದ ಸಾರಜನಕದಲ್ಲಿ, ಆಮೇಲೆ ಸಾಮಾನ್ಯ ಸಾರಜನಕದಲ್ಲಿ ಬೆಳೆಸಿದರು. ಒಂದು ತಲೆಮಾರಿನ ನಂತರ ಡಿಎನ್‌ಎಯ ತೂಕ ಸರಿಯಾಗಿ ನಡುವೆ ನಿಂತಿತು: ಒಂದು ಎಳೆ ಹಳೆಯದು, ಒಂದು ಹೊಸದು. ಸೊಗಸಾದ ಪ್ರಯೋಗವೇ ಸರಿ. ಆದರೆ ಅದಕ್ಕೂ ಒಂದು ವರ್ಷ ಮೊದಲು, 1957ರಲ್ಲಿ, ಹರ್ಬರ್ಟ್ ಟೇಲರ್ ಮತ್ತು ಸಂಗಡಿಗರು ಫಾಬಾ ಅವರೆಯ ಬೇರಿನ ತುದಿಯ ಕೋಶಗಳಲ್ಲಿ ವಿಕಿರಣಶೀಲ ಥೈಮಿಡಿನ್ ಬಳಸಿ, ವರ್ಣತಂತುಗಳ ಮಟ್ಟದಲ್ಲಿ ಇದೇ ಹಂಚಿಕೆಯನ್ನು ತೋರಿಸಿದ್ದರು. ಕೋಶಕೇಂದ್ರವಿರುವ ಜೀವಿ ಈ ಕಥೆಯಲ್ಲಿ ತಡವಾಗಿ ಬಂದದ್ದಲ್ಲ, ಮೊದಲೇ ಇತ್ತು. ತರಗತಿಗಳಲ್ಲಿ ಟೇಲರ್ ಹೆಸರು ಅಷ್ಟಾಗಿ ಕೇಳಿಸದಿರುವುದು ನ್ಯಾಯವಲ್ಲ.

ಅದೇ ಹೊತ್ತಿಗೆ ಆರ್ಥರ್ ಕೋರ್ನ್‌ಬರ್ಗ್ ಇ. ಕೋಲಿಯ ರಸದಿಂದ ಡಿಎನ್‌ಎ ಕಟ್ಟುವ ಕಿಣ್ವವನ್ನು, ಅಂದರೆ ಪಾಲಿಮರೇಸನ್ನು, ಬೇರ್ಪಡಿಸಿದ್ದರು. 1959ರಲ್ಲಿ ನೊಬೆಲ್ ಬಂತು. ಹತ್ತು ವರ್ಷದ ಮೇಲೆ, 1969ರಲ್ಲಿ, ಪೌಲಾ ಡಿ ಲೂಸಿಯಾ ಮತ್ತು ಜಾನ್ ಕೇರ್ನ್ಸ್ ಸಾವಿರಾರು ರೂಪಾಂತರಿತ ಬ್ಯಾಕ್ಟೀರಿಯಾಗಳನ್ನು ಪರೀಕ್ಷಿಸಿ, ಆ ಕಿಣ್ವ ಹೆಚ್ಚುಕಡಿಮೆ ಇಲ್ಲವೇ ಇಲ್ಲದ ಒಂದನ್ನು ಕಂಡುಹಿಡಿದರು. ಅದು ಬದುಕಿತ್ತು, ಎಂದಿನಂತೆ ಇಬ್ಭಾಗವಾಗುತ್ತಲೂ ಇತ್ತು! ಹಾಗಾದರೆ ಮುಖ್ಯ ನಕಲುಗಾರ ಬೇರೆ ಯಾವುದೋ ಇರಬೇಕು. ಅದನ್ನು, ಅಂದರೆ ಪಾಲಿಮರೇಸ್ 3ನ್ನು, ಪತ್ತೆಹಚ್ಚಿದವರಲ್ಲಿ ಆರ್ಥರ್ ಅವರ ಮಗ ಥಾಮಸ್ ಕೋರ್ನ್‌ಬರ್ಗ್ ಒಬ್ಬರು. ಮೊದಲ ಕಿಣ್ವದ ಪಾಲಿಗೆ ದುರಸ್ತಿ ಮತ್ತು ಜೋಡಣೆಯ ಕೆಲಸ ಉಳಿಯಿತು.

ಬೆಳಗಾವಿಯಲ್ಲಿ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಶುರುವಾದ 1963ರಲ್ಲೇ ಈ ಕ್ಷೇತ್ರದ ಎರಡು ದೊಡ್ಡ ಪ್ರಬಂಧಗಳು ಹೊರಬಂದವು. ಒಂದರಲ್ಲಿ ಕೇರ್ನ್ಸ್ ನಕಲಾಗುತ್ತಿರುವ ಇ. ಕೋಲಿಯ ವರ್ಣತಂತುವಿನ ಚಿತ್ರವನ್ನೇ ಕೊಟ್ಟರು. ಅದು ಮುಚ್ಚಿದ ಉಂಗುರವಾಗಿತ್ತು. ಇನ್ನೊಂದರಲ್ಲಿ ಜೇಕಬ್, ಬ್ರೆನ್ನರ್ ಮತ್ತು ಕುಜಾನ್, ನಕಲು ಎಲ್ಲೆಂದರಲ್ಲಿ ಶುರುವಾಗುವುದಿಲ್ಲ, ಅದಕ್ಕೆ ನಿಗದಿಯಾದ ಆರಂಭತಾಣವಿದೆ, ಆ ತಾಣವನ್ನು ಗುರುತಿಸುವ ಪ್ರೋಟೀನೂ ಇರಬೇಕು ಎಂದು ತರ್ಕಿಸಿದರು. ಇ. ಕೋಲಿಯಲ್ಲಿ ಆ ತಾಣ ಒಂದೇ ಒಂದು. ಡಿಎನ್‌ಎ-ಎ ಎಂಬ ಪ್ರೋಟೀನು ಅಲ್ಲಿ ಕೂತು ಎಳೆಗಳನ್ನು ಸಡಿಲಿಸುತ್ತದೆ. ಅಲ್ಲಿಂದ ಎರಡು ಕವಲುಗಳು ಎದುರುಬದುರು ದಿಕ್ಕಿಗೆ ಹೊರಡುತ್ತವೆ. ಒಂದೊಂದು ಕವಲಿನ ವೇಗ ಸೆಕೆಂಡಿಗೆ ಸುಮಾರು 1,000 ಅಕ್ಷರ. 46 ಲಕ್ಷ ಅಕ್ಷರಜೋಡಿಗಳ ಉಂಗುರ ಸುಮಾರು 40 ನಿಮಿಷದಲ್ಲಿ ನಕಲಾಗುತ್ತದೆ. ಆದರೂ ಒಳ್ಳೆಯ ಆಹಾರ ಸಿಕ್ಕರೆ ಇ. ಕೋಲಿ 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ. ಈ ಒಗಟನ್ನು 1968ರಲ್ಲಿ ಕೂಪರ್ ಮತ್ತು ಹೆಲ್ಮ್‌ಸ್ಟೆಟರ್ ಬಿಡಿಸಿದರು: ಒಂದು ಸುತ್ತು ಮುಗಿಯುವ ಮುನ್ನವೇ ಮುಂದಿನ ಸುತ್ತು ಶುರುವಾಗಿರುತ್ತದೆ. ಹುಟ್ಟುವ ಮಗಳುಕೋಶದೊಳಗೆ ಮೊಮ್ಮಗಳ ನಕಲು ಆಗಲೇ ನಡೆದಿರುತ್ತದೆ.

ಇನ್ನೊಂದು ತೊಡಕು ಇಡೀ ಕ್ಷೇತ್ರವನ್ನೇ ಕಾಡಿತ್ತು. ಜೋಡಿಸುರುಳಿಯ ಎರಡು ಎಳೆಗಳು ವಿರುದ್ಧ ದಿಕ್ಕಿಗೆ ಮುಖಮಾಡಿವೆ. ಪಾಲಿಮರೇಸಾದರೋ ಒಂದೇ ದಿಕ್ಕಿನಲ್ಲಿ ಕಟ್ಟಬಲ್ಲದು. ಇಲ್ಲಿಯವರೆಗೆ ಸಿಕ್ಕ ಪಾಲಿಮರೇಸುಗಳೆಲ್ಲವೂ ಹಾಗೆಯೇ. ಹಾಗಿದ್ದರೆ ಎರಡೂ ಎಳೆಗಳು ಒಟ್ಟಿಗೆ ಮುಂದೆ ಸಾಗುವುದು ಹೇಗೆ? ಉತ್ತರ ಬಂದದ್ದು ಜಪಾನಿನ ನಗೋಯಾದಿಂದ, ರೈಜಿ ಮತ್ತು ತ್ಸುನೆಕೊ ಒಕಾಜಾಕಿ ದಂಪತಿಯಿಂದ. ಒಂದು ಎಳೆ ಓತಪ್ರೋತವಾಗಿ ಬೆಳೆದರೆ ಇನ್ನೊಂದು ತುಂಡುತುಂಡಾಗಿ, ಹಿಮ್ಮುಖವಾಗಿ ಕಟ್ಟಿಕೊಳ್ಳುತ್ತದೆ, ಆಮೇಲೆ ತುಂಡುಗಳು ಬೆಸೆದುಕೊಳ್ಳುತ್ತವೆ ಎಂದು ಅವರು 1960ರ ದಶಕದ ಕೊನೆಗೆ ತೋರಿಸಿದರು. ಪ್ರತಿ ತುಂಡಿಗೂ ಆರಂಭದಲ್ಲಿ ಒಂದು ಪುಟ್ಟ ಆರ್‌ಎನ್‌ಎ ಬೇಕು. ಅದನ್ನು ಇಡುವ, ತೆಗೆಯುವ, ಜಾಗ ತುಂಬುವ, ಬೆಸೆಯುವ ಕಿಣ್ವಗಳೆಲ್ಲ ಬೇರೆ ಬೇರೆ. ಹಿರೋಶಿಮಾದವರಾದ ರೈಜಿ ಅಣುಬಾಂಬಿನ ವಿಕಿರಣಕ್ಕೆ ಸಿಕ್ಕಿದ್ದವರು. 1975ರಲ್ಲಿ, 44ನೇ ವಯಸ್ಸಿನಲ್ಲಿ, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಡಿಎನ್‌ಎಗೆ ಬಿದ್ದ ಪೆಟ್ಟಿನಿಂದ ಬರುವ ರೋಗ ಅದು. ತ್ಸುನೆಕೊ ಕೆಲಸ ನಿಲ್ಲಿಸಲಿಲ್ಲ. ಆ ತುಂಡುಗಳು ಬ್ಯಾಕ್ಟೀರಿಯಾದಲ್ಲಿ ಒಂದೆರಡು ಸಾವಿರ ಅಕ್ಷರ ಉದ್ದ, ನಮ್ಮ ಕೋಶಗಳಲ್ಲಿ ಬರೀ 100ರಿಂದ 200. ಉದ್ದ ಬೇರೆಯಾದರೂ ಕಟ್ಟಳೆ ಒಂದೇ.

ಸುರುಳಿಯನ್ನು ಬಿಚ್ಚುತ್ತ ಹೋದಂತೆ ಮುಂದಿನ ಭಾಗ ಬಿಗಿಯಾಗಿ ಮುರುಟುತ್ತದೆ. ಬಾವಿಯ ಹೊಸ ಹುರಿಹಗ್ಗವನ್ನು ನಡುವಿನಿಂದ ಬಿಡಿಸಲು ಹೊರಟವರಿಗೆ ಇದು ಗೊತ್ತು. ಈ ಮುರುಟನ್ನು ಬಿಡಿಸುವ ಬ್ಯಾಕ್ಟೀರಿಯಾದ ಕಿಣ್ವ ಗೈರೇಸ್. ಮಾರ್ಟಿನ್ ಗೆಲರ್ಟ್ ಮತ್ತು ಸಂಗಡಿಗರು ಅದನ್ನು 1976ರಲ್ಲಿ ಕಂಡುಹಿಡಿದರು. ಅದು ಡಿಎನ್‌ಎಯ ಎರಡೂ ಎಳೆಗಳನ್ನು ಕತ್ತರಿಸಿ, ಆ ಸಂದಿಯಲ್ಲಿ ಇನ್ನೊಂದು ಭಾಗವನ್ನು ದಾಟಿಸಿ, ಮತ್ತೆ ಬೆಸೆಯುತ್ತದೆ. 1962ರಲ್ಲೇ ಸಿಕ್ಕಿದ್ದ ನಾಲಿಡಿಕ್ಸಿಕ್ ಆಮ್ಲವೆಂಬ ಔಷಧ ಹೇಗೆ ಕೆಲಸ ಮಾಡುತ್ತದೆಂಬುದು ಆಮೇಲೆ ತಿಳಿಯಿತು: ಕತ್ತರಿಸಿದ ಸ್ಥಿತಿಯಲ್ಲೇ ಗೈರೇಸನ್ನು ಅದು ಹಿಡಿದು ನಿಲ್ಲಿಸುತ್ತದೆ. ನಾರ್‌ಫ್ಲಾಕ್ಸಾಸಿನ್, ಸಿಪ್ರೋಫ್ಲಾಕ್ಸಾಸಿನ್ ಆ ವಂಶದವು. ನಮ್ಮ ಕೋಶಗಳಲ್ಲೂ ಇದೇ ಜಾತಿಯ ಕೆಲಸ ಮಾಡುವ ಕಿಣ್ವವಿದೆ, ಆದರೆ ಅದರ ಆಕಾರ ಬೇರೆ. ಹಾಗಾಗಿ ಮಾತ್ರೆ ಬ್ಯಾಕ್ಟೀರಿಯಾವನ್ನು ಕೊಂದು ನಮ್ಮನ್ನು ಉಳಿಸುತ್ತದೆ.

ಕ್ಷಯದ ಬ್ಯಾಕ್ಟೀರಿಯಾದ ಸಂಗತಿ ಇನ್ನೂ ಕುತೂಹಲದ್ದು. ಇ. ಕೋಲಿ 20 ನಿಮಿಷದಲ್ಲಿ ಮಾಡುವುದನ್ನು ಅದು ಮಾಡಲು ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿ ತೆಗೆದುಕೊಳ್ಳುತ್ತದೆ. ಇ. ಕೋಲಿಗೆ ಗೈರೇಸಿನ ಜೊತೆ ಇನ್ನೊಂದು ಸಹೋದರ ಕಿಣ್ವವಿದ್ದರೆ ಇದಕ್ಕೆ ಗೈರೇಸ್ ಒಂದೇ ಗತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ನಾಗರಾಜ ಅವರ ತಂಡ ಈ ಕುಲದ ಗೈರೇಸನ್ನು ವರ್ಷಗಟ್ಟಲೆ ಅಧ್ಯಯನ ಮಾಡಿತು. ಅಲ್ಲೇ ಉಮೇಶ್ ವರ್ಷ್ನೇಯ ಅವರ ತಂಡ, ಡಿಎನ್‌ಎಯೊಳಗೆ ತಪ್ಪಾಗಿ ಹುಟ್ಟುವ ಯುರಾಸಿಲ್ ಅಕ್ಷರವನ್ನು ಕಿತ್ತುಹಾಕುವ ಕಿಣ್ವದ ಮೇಲೆ ದುಡಿಯಿತು. ಅಂಥ ಕಿಣ್ವಗಳಿಲ್ಲದೆ ನಕಲಿನ ನಿಖರತೆ ನಿಲ್ಲುವುದಿಲ್ಲ. ಪಾಲಿಮರೇಸ್ ತಾನಾಗಿ ಸುಮಾರು ಲಕ್ಷಕ್ಕೊಂದು ತಪ್ಪು ಮಾಡುತ್ತದೆ; ಹಿಂದೆ ತಿರುಗಿ ತಿದ್ದಿಕೊಳ್ಳುವುದು, ನಕಲು ಮುಗಿದ ಮೇಲೆ ಜೋಡಿ ತಪ್ಪಿದ್ದನ್ನು ಸರಿಪಡಿಸುವುದು ಸೇರಿ ಅದು ನೂರು ಕೋಟಿಗೊಂದು ಎನ್ನುವಷ್ಟು ಕೆಳಗಿಳಿಯುತ್ತದೆ. ಉಳಿದುಹೋದ ಆ ಒಂದು ತಪ್ಪೂ ಸಾಕು. ಗೈರೇಸ್ ಜೀನಿನಲ್ಲಿ ಒಂದು ಅಕ್ಷರ ಬದಲಾದರೆ ಸಿಪ್ರೋಫ್ಲಾಕ್ಸಾಸಿನ್ ಹಿಡಿತ ಸಡಿಲುತ್ತದೆ. ನಮ್ಮ ದೇಶದ ವಿಷಮಶೀತ ಜ್ವರದ ಬ್ಯಾಕ್ಟೀರಿಯಾಗಳ ಮೇಲೆ ಈ ಮಾತ್ರೆ ಇಂದು ಕೆಲಸ ಮಾಡದಿರುವುದಕ್ಕೆ ಮುಖ್ಯ ಕಾರಣ ಇದೇ. ವೈದ್ಯರ ಚೀಟಿಯಿಲ್ಲದೆ ಎರಡು ದಿನದ ಮಾತ್ರೆ ಕೊಂಡು ನುಂಗುವುದು ಎಷ್ಟು ದೊಡ್ಡ ನಷ್ಟ ಎಂಬುದು ನನಗೆ ಮನದಟ್ಟಾದದ್ದು ಈ ಒಂದು ಅಕ್ಷರದ ಲೆಕ್ಕದಿಂದ.

ಈಗ ಕೋಶಕೇಂದ್ರದೊಳಗೆ ಹೋಗೋಣ. ಮನುಷ್ಯನ ಡಿಎನ್‌ಎ 300 ಕೋಟಿಗೂ ಹೆಚ್ಚು ಅಕ್ಷರಜೋಡಿಗಳದ್ದು, ಉಂಗುರವಲ್ಲ, ತುದಿಗಳಿರುವ ತಂತುಗಳು. ಎಲ್ಲವೂ ಹಿಸ್ಟೋನ್ ಪ್ರೋಟೀನುಗಳಿಗೆ ಸುತ್ತಿಕೊಂಡಿದೆ. ಕವಲು ಸೆಕೆಂಡಿಗೆ ಹೆಚ್ಚೆಂದರೆ 50 ಅಕ್ಷರದಂತೆ ತೆವಳುತ್ತದೆ. ನಮ್ಮ ಅತಿ ಉದ್ದದ ವರ್ಣತಂತುವಿಗೆ ನಡುವೆ ಒಂದೇ ಆರಂಭತಾಣ ಇದ್ದಿದ್ದರೆ ನಕಲಿಗೆ ಸುಮಾರು ಒಂದು ತಿಂಗಳು ಬೇಕಾಗುತ್ತಿತ್ತು. ನಿಜದಲ್ಲಿ ಅದು ಮುಗಿಯುವುದು ಎಂಟು ಗಂಟೆಯ ಆಸುಪಾಸಿನಲ್ಲಿ, ಏಕೆಂದರೆ ಹತ್ತಾರು ಸಾವಿರ ತಾಣಗಳಿಂದ ಕೆಲಸ ಸಾಗುತ್ತದೆ. ಒಂದೇ ತಂತುವಿನಲ್ಲಿ ಹಲವು ತಾಣಗಳಿರುವುದನ್ನು 1968ರಲ್ಲಿ ಹ್ಯೂಬರ್ಮನ್ ಮತ್ತು ರಿಗ್ಸ್ ತೋರಿಸಿದರು.

ಇದರಿಂದ ಹೊಸ ಅಪಾಯ ಹುಟ್ಟುತ್ತದೆ. ಇಷ್ಟೊಂದು ತಾಣಗಳಲ್ಲಿ ಯಾವುದೋ ಒಂದು ಎರಡು ಸಲ ಹೊತ್ತಿಕೊಂಡರೆ? ಕಪ್ಪೆಯ ಮೊಟ್ಟೆಯ ರಸದಲ್ಲಿ ಪ್ರಯೋಗ ಮಾಡಿ 1988ರಲ್ಲಿ ಬ್ಲೋ ಮತ್ತು ಲಾಸ್ಕಿ ಹೇಳಿದರು: ಪ್ರತಿ ತಾಣಕ್ಕೂ ಒಂದು ಸುತ್ತಿಗೆ ಒಂದೇ ಪರವಾನಗಿ. 1992ರಲ್ಲಿ ಬೆಲ್ ಮತ್ತು ಸ್ಟಿಲ್‌ಮನ್ ಯೀಸ್ಟಿನಲ್ಲಿ ತಾಣವನ್ನು ಗುರುತಿಸುವ ಆರು ಪ್ರೋಟೀನುಗಳ ಗುಂಪನ್ನು ಕಂಡರು. ಆ ಗುಂಪು ಕೋಶಚಕ್ರದ ಒಂದು ಹಂತದಲ್ಲಿ ಎಂಸಿಎಂ ಎಂಬ ಉಂಗುರಾಕಾರದ ಬಿಚ್ಚುಕಿಣ್ವಗಳನ್ನು ಡಿಎನ್‌ಎಗೆ ತೊಡಿಸುತ್ತದೆ, ಅದೇ ಪರವಾನಗಿ. ಅವು ಚಾಲೂ ಆಗುವುದು ಮುಂದಿನ ಹಂತದಲ್ಲಿ, ಮತ್ತು ಆ ಹಂತದಲ್ಲಿ ಹೊಸದಾಗಿ ತೊಡಿಸುವುದಕ್ಕೆ ಅವಕಾಶವೇ ಇಲ್ಲ. ಎರಡೂ ಎಂದೂ ಒಟ್ಟಿಗೆ ನಡೆಯುವುದಿಲ್ಲ. ಇಷ್ಟು ಸರಳವಾದ ಕಾವಲಿಗಿಂತ ಚೆಲುವಾದದ್ದು ಜೀವಶಾಸ್ತ್ರದಲ್ಲಿ ಕಡಿಮೆ. 2015ರಲ್ಲಿ ಜಾನ್ ಡಿಫ್ಲಿ ಅವರ ತಂಡ ಶುದ್ಧೀಕರಿಸಿದ ಯೀಸ್ಟ್ ಪ್ರೋಟೀನುಗಳನ್ನಷ್ಟೇ ಸೇರಿಸಿ ಈ ಆರಂಭವನ್ನು ಪ್ರನಾಳದಲ್ಲಿ ನಡೆಸಿತು.

ಪಾಲಿಮರೇಸುಗಳೂ ಇಲ್ಲಿ ಬೇರೆಯವು: ಆಲ್ಫಾ ಆರಂಭಿಸುತ್ತದೆ, ಎಪ್ಸಿಲಾನ್ ಒಂದು ಎಳೆಯನ್ನು, ಡೆಲ್ಟಾ ಇನ್ನೊಂದನ್ನು ಕಟ್ಟುತ್ತದೆ. ಬ್ಯಾಕ್ಟೀರಿಯಾದ ಮುಖ್ಯ ಪಾಲಿಮರೇಸಿಗೂ ಇವಕ್ಕೂ ವಂಶಸಂಬಂಧ ಕಾಣುವುದಿಲ್ಲ. ಬಿಚ್ಚುಕಿಣ್ವಗಳಂತೂ ಎದುರುಬದುರು ಎಳೆಗಳ ಮೇಲೆ ಓಡುತ್ತವೆ. 1999ರಲ್ಲಿ ಲೈಪ್, ಅರವಿಂದ್ ಮತ್ತು ಕೂನಿನ್ ಈ ವ್ಯತ್ಯಾಸಗಳನ್ನು ಮುಂದಿಟ್ಟು, ಡಿಎನ್‌ಎ ನಕಲಿನ ವ್ಯವಸ್ಥೆ ಭೂಮಿಯ ಮೇಲೆ ಎರಡು ಸಲ ಪ್ರತ್ಯೇಕವಾಗಿ ವಿಕಾಸಗೊಂಡಿತೇ ಎಂದು ಕೇಳಿದರು. ಆ ಪ್ರಶ್ನೆ ಇನ್ನೂ ಮುಗಿದಿಲ್ಲ.

ತುದಿಗಳ ಸಮಸ್ಯೆ ಇರುವುದು ನಮ್ಮವುಗಳಂತೆ ಬಿಡಿ ತುದಿಗಳಿರುವ ತಂತುಗಳಿಗೆ. ತುಂಡುಗಳಲ್ಲಿ ಕಟ್ಟುವ ಎಳೆಯ ಕಡೆಯ ತುಂಡಿಗೆ ನೆಲೆಯಿರದೆ, ನಕಲಿಗೊಮ್ಮೆ ತಂತು ಕಿರಿದಾಗಬೇಕು. 1971ರಲ್ಲಿ ಒಲೊವ್ನಿಕೋವ್ ಇದನ್ನು ಊಹಿಸಿದರು. ತುದಿಗಳಿಗೆ ಅಕ್ಷರ ಸೇರಿಸುವ ಟೆಲೊಮರೇಸನ್ನು ಗ್ರೈಡರ್ ಮತ್ತು ಬ್ಲ್ಯಾಕ್‌ಬರ್ನ್ 1985ರಲ್ಲಿ ವರದಿ ಮಾಡಿದರು. ಬ್ಯಾಕ್ಟೀರಿಯಾದ ಉಂಗುರಕ್ಕೆ ಈ ಚಿಂತೆಯಿಲ್ಲ. ವ್ಯಾಕ್ಸಿನ್ ಡಿಪೊದಲ್ಲಿ ಬೆಳೆಸುತ್ತಿದ್ದ ವ್ಯಾಕ್ಸೀನಿಯಾ ವೈರಾಣು ಮೂರನೆಯ ದಾರಿ ಹಿಡಿದಿದೆ. ಸುಮಾರು ಎರಡು ಲಕ್ಷ ಅಕ್ಷರಜೋಡಿಗಳ ಅದರ ಡಿಎನ್‌ಎಗೆ ತುದಿಗಳಿವೆ, ಆದರೆ ಅಲ್ಲಿ ಎರಡು ಎಳೆಗಳೂ ಒಂದಕ್ಕೊಂದು ಮಡಚಿ ಕೂಡಿಕೊಂಡಿವೆ. ಕಳೆದುಹೋಗಲು ಬಿಡಿ ತುದಿಯೇ ಇಲ್ಲ. ಅದು ಕೋಶಕೇಂದ್ರಕ್ಕೆ ಕಾಲಿಡುವುದೂ ಇಲ್ಲ. ತನ್ನದೇ ಜೀನಿನಿಂದ ಪಾಲಿಮರೇಸ್ ತಯಾರಿಸಿಕೊಂಡು ಕೋಶದ್ರವ್ಯದಲ್ಲೇ ನಕಲು ಮುಗಿಸುತ್ತದೆ. 1975ರಲ್ಲಿ ಭಾರತದ ಕೊನೆಯ ಸಿಡುಬು ಪ್ರಕರಣ ದಾಖಲಾಗುವವರೆಗೆ ಕೋಟಿಗಟ್ಟಲೆ ತೋಳುಗಳಲ್ಲಿ ಈ ನಕಲು ನಡೆಯಿತು. ಹಿರಿಯರ ತೋಳಿನ ಮೇಲಿನ ಕಲೆ ಅದರದೇ ಗುರುತು.

ಇನ್ನು ನರಕ್ಯಾ. ಕ್ಯಾಂಪ್ಟೊಥೆಸಿನ್ ಎಂಬ ವಿಷವನ್ನು 1966ರಲ್ಲಿ ವಾಲ್ ಮತ್ತು ವಾನಿ ಚೀನಾದ ಒಂದು ಮರದಿಂದ ಬೇರ್ಪಡಿಸಿದರು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ನಮ್ಮ ನರಕ್ಯಾದಲ್ಲಿ ಅದು ಹೇರಳವಾಗಿದೆ ಎಂದು ತೋರಿಸಿದರು. ಅದು ಕೆಲಸ ಮಾಡುವ ಬಗೆ 1985ರಲ್ಲಿ ತಿಳಿಯಿತು. ಮುರುಟು ಬಿಡಿಸಲು ಒಂದೇ ಎಳೆಯನ್ನು ಕತ್ತರಿಸುವ ಟೊಪೊಐಸೊಮರೇಸ್ 1 ಎಂಬ ನಮ್ಮ ಕಿಣ್ವವನ್ನು, ಕತ್ತರಿಸಿದ ಸ್ಥಿತಿಯಲ್ಲೇ ಈ ವಿಷ ಹಿಡಿದಿಡುತ್ತದೆ. ಓಡಿಬರುವ ನಕಲಿನ ಕವಲು ಅಲ್ಲಿಗೆ ಡಿಕ್ಕಿ ಹೊಡೆದಾಗ ಒಂದೆಳೆಯ ಬಿರುಕು ಎರಡೆಳೆಯ ಮುರಿತವಾಗುತ್ತದೆ, ಕೋಶ ಸಾಯುತ್ತದೆ. ಹೆಚ್ಚು ಸಾಯುವುದು ನಕಲಿನಲ್ಲಿ ತೊಡಗಿದ ಕೋಶಗಳೇ, ಅಂದರೆ ಬಿಡುವಿಲ್ಲದೆ ಒಡೆಯುವ ಕ್ಯಾನ್ಸರ್ ಕೋಶಗಳು. ಬ್ಯಾಕ್ಟೀರಿಯಾದ ಅಂಥ ಕಿಣ್ವಕ್ಕೆ ಇದು ನಾಟುವುದಿಲ್ಲ. ಸಿಪ್ರೋಫ್ಲಾಕ್ಸಾಸಿನ್ನಿನ ಸರಿ ವಿರುದ್ಧ. ಇದರಿಂದ ಹುಟ್ಟಿದ ಟೊಪೊಟೆಕಾನ್ ಮತ್ತು ಇರಿನೊಟೆಕಾನ್ 1996ರಲ್ಲಿ ಅಮೆರಿಕದಲ್ಲಿ ಮಂಜೂರಾದವು. ಬೇಡಿಕೆ ಏರಿದಂತೆ ಘಟ್ಟದಲ್ಲಿ ಮರಗಳಿಗೆ ಕೊಡಲಿ ಬಿತ್ತು. ಯಾವ ಪ್ರದೇಶದ ಮರಗಳಲ್ಲಿ ಈ ರಸಾಯನ ಎಷ್ಟಿದೆ ಎಂಬುದರ ಬಗ್ಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್ ಮತ್ತು ಸಹೋದ್ಯೋಗಿಗಳು ದೀರ್ಘಕಾಲ ಕೆಲಸ ಮಾಡಿದ್ದಾರೆ. ಮರ ಕಡಿಯದೆ ಅದನ್ನು ಪಡೆಯುವ ದಾರಿಗಳಲ್ಲಿ ಅಂಗಾಂಶದೊಳಗೆ ವಾಸಿಸುವ ಶಿಲೀಂಧ್ರಗಳನ್ನು ಬೆಳೆಸುವುದೂ ಒಂದು.

ಮರಕ್ಕೂ ಕೋಶಕೇಂದ್ರವಿದೆ, ಅದೇ ಟೊಪೊಐಸೊಮರೇಸ್ ಇದೆ. ತನ್ನ ವಿಷಕ್ಕೆ ತಾನೇ ಏಕೆ ಸಾಯುವುದಿಲ್ಲ? 2008ರಲ್ಲಿ ಸಿರಿಕಾಂತರಾಮಸ್ ಮತ್ತು ಸಂಗಡಿಗರು ಕ್ಯಾಂಪ್ಟೊಥೆಸಿನ್ ತಯಾರಿಸುವ ಇತರ ಸಸ್ಯಗಳಲ್ಲಿ ಇದನ್ನು ಹುಡುಕಿ, ಅವುಗಳ ಕಿಣ್ವದಲ್ಲಿ ಆಯಕಟ್ಟಿನ ಜಾಗದ ಅಮೈನೋ ಆಮ್ಲ ಬದಲಾಗಿರುವುದನ್ನು ಕಂಡರು. ಈ ಔಷಧಕ್ಕೆ ಬಗ್ಗದ ಮನುಷ್ಯರ ಕ್ಯಾನ್ಸರ್ ಕೋಶಗಳಲ್ಲೂ ಅದೇ ಜಾಗದಲ್ಲಿ ಅದೇ ಬದಲಾವಣೆ ಮೊದಲೇ ವರದಿಯಾಗಿತ್ತು. ಗಡ್ಡೆಯೊಂದು ಮುಂದೆ ಯಾವ ತಿರುವು ಹಿಡಿದೀತು ಎಂದು ಊಹಿಸಲು ಈ ಗಿಡಗಳ ಜೀನುಗಳನ್ನು ಓದುವುದೂ ಒಂದು ದಾರಿ ಎಂದು ಆ ಸಂಶೋಧಕರು ಸೂಚಿಸಿದರು. ಖಾನಾಪುರದ ಕಾಡಿನ ನರಕ್ಯಾವನ್ನು ತೊಗಟೆಯ ತೂಕದಲ್ಲಷ್ಟೇ ಅಳೆಯದೆ, ಅದರ ಜೀನುಗಳಿಗಾಗಿಯೂ ಉಳಿಸಿಕೊಳ್ಳಲು ಇದೇ ಸಾಕಷ್ಟು ಕಾರಣ.