ನಿದ್ರೆಯ ಚಲನದೋಷಗಳು ಮತ್ತು ರಕ್ತದೊತ್ತಡ

ನಿದ್ರೆಗೆ ಭಂಗ ತರುವ ಚಲನದೋಷಗಳಲ್ಲಿ ಎರಡು ಮುಖ್ಯ. ಮೊದಲನೆಯದು ಕಾಲಿನ ಚಡಪಡಿಕೆ. ಸಂಜೆಯ ಮೇಲೆ ಕೂತಾಗ, ಮಲಗಿದಾಗ ಕಾಲಿನೊಳಗೆ ಏನೋ ಹರಿದಾಡಿದಂತಾಗುತ್ತದೆ, ಕಾಲಾಡಿಸದೆ ಇರಲಾಗದು, ಎದ್ದು ನಡೆದರೆ ತಗ್ಗುತ್ತದೆ. ಎರಡನೆಯದು ಆವರ್ತಕ ಕಾಲುಮಿಡಿತ. ನಿದ್ದೆಯಲ್ಲಿ ಸಾಮಾನ್ಯವಾಗಿ 20ರಿಂದ 40 ಸೆಕೆಂಡಿಗೊಮ್ಮೆ ಕಾಲಿನ ಹೆಬ್ಬೆರಳು ತಾನಾಗಿ ಮೇಲಕ್ಕೆ ಚಾಚುತ್ತದೆ, ಪಾದ, ಮಂಡಿ ತಾವಾಗಿ ಮಡಿಚಿಕೊಳ್ಳುತ್ತವೆ. ಚಡಪಡಿಕೆ ಇರುವವರಲ್ಲಿ ನೂರಕ್ಕೆ ಸುಮಾರು 80 ಮಂದಿಗೆ ಮಿಡಿತವೂ ಇರುತ್ತದೆ. ಅರಸೀಕೆರೆ, ಬೇಲೂರು, ಹಳೇಬೀಡಿನಂಥ ದುಡಿಮೆಯ ಊರುಗಳಲ್ಲಿ ಇದು ಹಗಲಿನ ದಣಿವಿನ ಲೆಕ್ಕಕ್ಕೆ, ಇಲ್ಲವೇ ಬರಿಯ ಕಾಲುನೋವಿನ ಲೆಕ್ಕಕ್ಕೆ ಸುಲಭವಾಗಿ ಸೇರಿಹೋಗುತ್ತದೆ. ಈ ತೊಂದರೆಯನ್ನು ರಕ್ತದೊತ್ತಡ ಮತ್ತು ಕಬ್ಬಿಣಾಂಶದ ಜೊತೆಗಿಟ್ಟು ನೋಡಬೇಕೆಂಬುದನ್ನು ಇದರ ಚರಿತ್ರೆಯೇ ತೋರಿಸುತ್ತದೆ.

ಇಂಗ್ಲೆಂಡಿನ ವೈದ್ಯ ಥಾಮಸ್ ವಿಲಿಸ್ 1672ರಲ್ಲೇ ಚಡಪಡಿಕೆಯನ್ನು ವರ್ಣಿಸಿದ್ದನಾದರೂ ಅದಕ್ಕೆ ರೋಗವೆಂಬ ಸ್ಪಷ್ಟ ರೂಪ ಕೊಟ್ಟದ್ದು ಸ್ವೀಡನ್ನಿನ ಕಾರ್ಲ್ ಆಕ್ಸೆಲ್ ಎಕ್‌ಬೊಮ್, 1945ರಲ್ಲಿ. 1953ರಲ್ಲಿ ನರವೈದ್ಯ ಸೈಮಂಡ್ಸ್ ರಾತ್ರಿಯ ಕಾಲುಮಿಡಿತವನ್ನು ಬೇರೆಯಾಗಿ ಗುರುತಿಸಿದ. 1960ರ ದಶಕದಲ್ಲಿ ಇಟಲಿಯ ಲುಗರೇಸಿ ಮತ್ತು ಸಂಗಡಿಗರು ರಾತ್ರಿಯಿಡೀ ದಾಖಲೆ ತೆಗೆದು ಈ ಮಿಡಿತದ ಲಯವನ್ನು ಕಂಡರು. ಮುಂದೆ ಗಮನ ರಕ್ತದೊತ್ತಡದ ಕಡೆಗೂ ಹರಿಯಿತು. 2007ರಲ್ಲಿ ಮಾಂಟ್ರಿಯಲ್‌ನ ಸಂಶೋಧಕರು ಹತ್ತು ರೋಗಿಗಳ ರಕ್ತದೊತ್ತಡವನ್ನು ಪ್ರತಿ ಮಿಡಿತದ ಜೊತೆಗೆ ಅಳೆದಾಗ ಮೇಲಿನ ಅಂಕಿ ಸರಾಸರಿ 22, ಕೆಳಗಿನದು 11 ಮಿಲಿಮೀಟರ್ ಏರುವುದು ಕಂಡಿತು. ಮಿದುಳು ಅರೆಎಚ್ಚರಗೊಂಡ ಮಿಡಿತಗಳಲ್ಲಿ ಏರಿಕೆ ಇನ್ನೂ ಹೆಚ್ಚು. ಸ್ವಸ್ಥ ನಿದ್ದೆಯಲ್ಲಿ ಒತ್ತಡ ಇಳಿದು ಹೃದಯ, ರಕ್ತನಾಳಗಳು ಬಿಡುವು ಪಡೆಯುತ್ತವೆ. ರಾತ್ರಿಗೆ ನೂರಾರು ಬಾರಿ ಮಿಡಿಯುವ ಕಾಲು ಆ ಬಿಡುವನ್ನು ಕಸಿಯುತ್ತದೆ.

ಇಷ್ಟರಿಂದಲೇ ಮಿಡಿತವು ಬಿಪಿ ಕಾಯಿಲೆ ತರುತ್ತದೆ ಎನ್ನಬಹುದೇ ಎಂಬ ಆಕ್ಷೇಪ ನ್ಯಾಯವಾದದ್ದು. 2011ರಲ್ಲಿ ಪ್ರಕಟವಾದ, 65,544 ಅಮೆರಿಕನ್ ಮಹಿಳೆಯರ ಅಧ್ಯಯನದಲ್ಲಿ ಚಡಪಡಿಕೆ ಪದೇಪದೇ ಬಂದಷ್ಟೂ ಅಧಿಕ ರಕ್ತದೊತ್ತಡದ ಪ್ರಮಾಣ ಹೆಚ್ಚಿತ್ತು. ಆದರೆ ಎರಡನ್ನೂ ಒಂದೇ ಹೊತ್ತಿನಲ್ಲಿ ನೋಡಿದ್ದರಿಂದ ಯಾವುದು ಮೊದಲು ಎಂಬುದು ಅದರಿಂದ ತಿಳಿಯದು. ವಯಸ್ಸು, ಬೊಜ್ಜು, ನಿದ್ದೆಯಲ್ಲಿ ಉಸಿರುಕಟ್ಟುವಿಕೆ ಎರಡಕ್ಕೂ ಸಮಾನ ಕಾರಣವಾಗಬಲ್ಲವು. 2012ರಲ್ಲಿ ಅಮೆರಿಕದ ಎರಡು ದೊಡ್ಡ ಸಮೂಹಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ವರದಿಯಲ್ಲಿ ಚಡಪಡಿಕೆಯಿಂದ ಹೃದ್ರೋಗ ಹೆಚ್ಚಿದ್ದು ಕಾಣಲಿಲ್ಲ. ಹೀಗಾಗಿ ಕ್ಷಣದ ಏರಿಕೆ ಅಳೆದು ಕಂಡ ಸತ್ಯ, ದೀರ್ಘಕಾಲದ ಕಾಯಿಲೆಗೆ ಅದೇ ಕಾರಣವೆಂಬುದು ಇನ್ನೂ ತೀರ್ಮಾನವಾಗದ ವಾದ. ಆದರೆ ಕಾರಣ ತೀರ್ಮಾನವಾಗುವವರೆಗೆ ಕಾಲಿನ ದೂರನ್ನು ಕಡೆಗಣಿಸಬೇಕಿಲ್ಲ. ಕೆಟ್ಟ ನಿದ್ದೆಯೇ ಚಿಕಿತ್ಸೆಗೆ ಸಾಕಾದ ಕಾರಣ.

ಅಪರೂಪದ ರೋಗಕ್ಕೆ ಇಷ್ಟು ಗಮನವೇಕೆ ಎಂದೂ ಕೇಳಬಹುದು. 2007ರ ಬೆಂಗಳೂರಿನ ಸಮೀಕ್ಷೆಯೊಂದರಲ್ಲಿ ಚಡಪಡಿಕೆ ಕಂಡದ್ದು ನೂರಕ್ಕೆ 2.1ರಷ್ಟು ಮಂದಿಯಲ್ಲಿ ಮಾತ್ರ, ನಿಜ. ಆದರೆ ಈ ತೊಂದರೆಗೆ ಮಿದುಳಿನ ಕಬ್ಬಿಣದ ಕೊರತೆಯ ನಂಟಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ. ಇದರಲ್ಲಿ ಊಟದ ರೂಢಿಯನ್ನೂ ನೋಡಬೇಕು. ಅರಸೀಕೆರೆ ತೆಂಗು, ರಾಗಿಯ ಬಯಲು. ಬೇಲೂರು ಕಾಫಿ ತೋಟಗಳ ಸೀಮೆ. ರಾಗಿಯಲ್ಲಿ ಕಬ್ಬಿಣವಿದ್ದರೂ ಅದರಲ್ಲಿನ ಫೈಟೇಟ್ ಎಂಬ ಅಂಶ ಕಬ್ಬಿಣದ ಹೀರಿಕೆಗೆ ಅಡ್ಡ ಬರುತ್ತದೆ, ಊಟದ ಜೊತೆಗಿನ ಕಾಫಿಯೂ ಹಾಗೆಯೇ. ಸಾರಿಗೆ ಹಿಂಡಿದ ನಿಂಬೆ, ಜೊತೆಗಿನ ನೆಲ್ಲಿಕಾಯಿ ಅದಕ್ಕೆ ಮನೆಯಲ್ಲೇ ಇರುವ ಪರಿಹಾರ. ಹಿಮೋಗ್ಲೋಬಿನ್ ಸರಿಯಿದ್ದರೂ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು, ಅದಕ್ಕೆ ಫೆರಿಟಿನ್ ಪರೀಕ್ಷೆ ಬೇಕು. ಫೆರಿಟಿನ್ ಲೀಟರಿಗೆ 75 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕಬ್ಬಿಣದ ಮಾತ್ರೆ ಕೊಡಬಹುದೆಂದು 2018ರ ಅಂತರರಾಷ್ಟ್ರೀಯ ತಜ್ಞರ ಮಾರ್ಗಸೂಚಿ ಹೇಳುತ್ತದೆ. ಮಿಡಿತ ಎಣಿಸಲು ನಿದ್ರಾ ಪ್ರಯೋಗಾಲಯ ಬೇಕು. ಚಡಪಡಿಕೆಯನ್ನು ಗುರುತಿಸಲು ರೋಗಿಯ ಮಾತೇ ಸಾಕು. ಬಿಪಿ ಅಳೆಯುವವರು ತೋಳಿಗೆ ಪಟ್ಟಿ ಸುತ್ತುವಾಗಲೇ, “ರಾತ್ರಿ ಮಲಗಿದ ಮೇಲೆ ಕಾಲು ಸುಮ್ಮನಿರುತ್ತದೆಯೇ?” ಎಂದು ಕೇಳಿದರೆ ಮೂರೂವರೆ ಶತಮಾನದ ಈ ತಿಳಿವು ಹಳ್ಳಿಯ ಹೆಂಗಸಿಗೂ ತಲುಪುತ್ತದೆ.