ಕೋಟೆಗೆ ಮೊದಲು ನೀರು: ಕಾರ್ತಹೇನಾ ನಗರಚರಿತ್ರೆಯ ಮರು ಓದು

ಕೊಲಂಬಿಯಾ ದೇಶದ ಕೆರಿಬಿಯನ್ ಕರಾವಳಿಯಲ್ಲಿರುವ ಕಾರ್ತಹೇನಾ ನಗರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅದರ ಕೋಟೆಯಿಂದ ಆರಂಭಿಸುತ್ತಾರೆ. ಊರನ್ನು ಸುತ್ತಿದ ಕಲ್ಲಿನ ಗೋಡೆ, ಸಾನ್ ಲಾಸಾರೊ ಗುಡ್ಡವನ್ನೇ ಆವರಿಸಿ ನಿಂತ ಸಾನ್ ಫೆಲಿಪೆ ಕೋಟೆ, 18ನೇ ಶತಮಾನದ ಕೊನೆಯಲ್ಲಿ ಮುಗಿದ ಕಮಾನಿನ ಕೋಣೆಗಳ ಸಾಲು ಇವೆಲ್ಲ ಕಣ್ಣಿಗೆ ಮೊದಲು ಬೀಳುವಂಥವು. ಆದರೆ 1984ರಲ್ಲಿ ಯುನೆಸ್ಕೊ ಈ ತಾಣವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕೊಟ್ಟ ಹೆಸರಿನಲ್ಲಿ ಮೊದಲು ಬರುವುದು ಬಂದರು; ಕೋಟೆಗಳೂ ಸ್ಮಾರಕಗಳೂ ಅದರ ನಂತರ. ಈ ಕ್ರಮವೇ ಸರಿಯೆಂಬುದು ಪ್ರಸ್ತುತ ಲೇಖನದ ವಾದ. ಕಾರ್ತಹೇನಾದ ಏಳು-ಬೀಳುಗಳನ್ನು ನಿರ್ಧರಿಸಿದ್ದು ಅದರ ನೀರು: ಕೊಲ್ಲಿ, ಜೌಗು, ಮಳೆನೀರಿನ ತೊಟ್ಟಿ, ನದಿಗೆ ತೋಡಿದ ಕಾಲುವೆ. ಕೋಟೆ ಆ ನೀರನ್ನು ಕಾಯಲು ಬಂದದ್ದು. ನೀರಿನ ಕಥೆಯನ್ನು ಬಿಟ್ಟು ಕಲ್ಲಿನ ಕಥೆಯನ್ನಷ್ಟೇ ಹೇಳಿದರೆ ನಗರವನ್ನು ಕಟ್ಟಿದ ಜನರೂ ಕಥೆಯಿಂದ ಹೊರಗುಳಿಯುತ್ತಾರೆ.

ಪೆದ್ರೊ ದೆ ಎರೆದಿಯಾ 1533ರ ಜೂನ್ 1ರಂದು ಇಲ್ಲಿ ಸ್ಪ್ಯಾನಿಷ್ ಪಟ್ಟಣವನ್ನು ಸ್ಥಾಪಿಸಿದಾಗ ಜಾಗ ಖಾಲಿ ಇರಲಿಲ್ಲ. ಕಲಮಾರಿ ಎಂಬ ಮೂಲನಿವಾಸಿಗಳ ಹಳ್ಳಿಯಿತ್ತು. ಸುತ್ತ ಸಮುದ್ರ ಮತ್ತು ಜೌಗಿದ್ದರೂ ಕುಡಿಯಲು ಹರಿಯುವ ಸಿಹಿನೀರಿರಲಿಲ್ಲ. ಆದರೂ ಸ್ಪೇನಿನವರು ಈ ಜಾಗವನ್ನು ಬಿಡಲಿಲ್ಲ, ಏಕೆಂದರೆ ಅದರ ಬೆನ್ನಿಗೆ ಒಂದು ಇಡೀ ನೌಕಾಪಡೆ ಗಾಳಿಗೆ ಅಂಜದೆ ತಂಗಬಹುದಾದ ಕೊಲ್ಲಿಯಿತ್ತು. ಕುಡಿಯುವ ನೀರಿಗೆ ಮನೆಮನೆಯಲ್ಲೂ ಮಠಗಳಲ್ಲೂ ಮಳೆನೀರಿನ ತೊಟ್ಟಿ ಕಟ್ಟಿದರು. ಅಂಗಳದ ನೆಲದಡಿ ಇಟ್ಟಿಗೆ-ಗಾರೆಯ ಕೋಣೆ, ಚಾವಣಿಯ ನೀರು ಅಲ್ಲಿಗೆ ಇಳಿಯಲು ದಾರಿ, ಮೇಲೆ ಬಾವಿಯಂಥ ಕಟ್ಟೆ, ಕೊಡ ಇಳಿಸಲು ಒಂದು ಬಾಯಿ. ಹಳೆಯ ಮನೆಗಳಲ್ಲಿ ಈಗಲೂ ಉಳಿದಿರುವ ಈ ತೊಟ್ಟಿಗಳೇ ಊರಿನ ಮೊದಲ ಮೂಲಸೌಕರ್ಯ. ಗೋಡೆ ಎಷ್ಟೇ ಗಟ್ಟಿಯಿದ್ದರೂ ತೊಟ್ಟಿ ತುಂಬದ ವರ್ಷ ಮುತ್ತಿಗೆಯನ್ನು ತಾಳಿಕೊಳ್ಳಲು ಆಗುತ್ತಿರಲಿಲ್ಲ.

ಕೊಲ್ಲಿಗೆ ಎರಡು ಬಾಯಿ. ನಗರಕ್ಕೆ ಹತ್ತಿರದ ಅಗಲವಾದ ಬೋಕಾಗ್ರಾಂದೆ ಎಂದರೆ ದೊಡ್ಡ ಬಾಯಿ. ತಿಯೆರ್ರಾ ಬೋಂಬಾ ದ್ವೀಪದ ಆಚೆಗಿನ ಬೋಕಾಚೀಕಾ ಎಂದರೆ ಚಿಕ್ಕ ಬಾಯಿ. 1586ರಲ್ಲಿ ಫ್ರಾನ್ಸಿಸ್ ಡ್ರೇಕ್ ಊರನ್ನು ಹಿಡಿದು 1,07,000 ಡುಕಾಟ್ ಒತ್ತೆಹಣ ಪಡೆದು ಹೋದ ಮೇಲೆ ಕೋಟೆಯ ಯೋಜನೆಗೆ ಚುರುಕು ಬಂತು. ಆದರೆ ರಕ್ಷಣೆಯ ನಕ್ಷೆಯನ್ನು ಪದೇ ಪದೇ ಬದಲಿಸಿದ್ದು ಮರಳು ಮತ್ತು ಅಲೆ. 1640ರಲ್ಲಿ ಬೋಕಾಗ್ರಾಂದೆಯ ಬಾಯಲ್ಲಿ ಹಡಗುಗಳು ಮುಳುಗಿ, ಅವುಗಳ ಸುತ್ತ ಮರಳು ಕಟ್ಟಿ ದೊಡ್ಡ ಬಾಯಿ ಮುಚ್ಚಿಕೊಂಡಿತು. ಹಡಗುಗಳೆಲ್ಲ ಚಿಕ್ಕ ಬಾಯಿಯಿಂದ ಬರಬೇಕಾಯಿತು, ಕೋಟೆಗಳೂ ಅತ್ತ ಸರಿದವು. ನೂರು ವರ್ಷದ ನಂತರ ಸಮುದ್ರ ಆ ದಿಬ್ಬವನ್ನು ಮತ್ತೆ ಒಡೆಯಿತು. ಆಗ ಎಂಜಿನಿಯರ್ ಆಂತೋನಿಯೊ ದೆ ಆರೆವಾಲೊ 1771ರಿಂದ 1778ರವರೆಗೆ ದೊಡ್ಡ ಬಾಯಿಗೆ ಅಡ್ಡಲಾಗಿ ನೀರಿನ ಮೇಲ್ಮೈಗಿಂತ ಕೆಳಗೇ ನಿಲ್ಲುವ ಒಡ್ಡು ಕಟ್ಟಿಸಿದ. ಕಣ್ಣಿಗೆ ಕಾಣದ, ಆದರೆ ಯುದ್ಧನೌಕೆಯ ತಳಕ್ಕೆ ತಾಗುವ ಗೋಡೆಯದು. ಈ ನಗರದ ಅತ್ಯಂತ ಜಾಣ ಕೋಟೆ ನೀರಿನಡಿಯಲ್ಲಿದೆ ಎಂದರೆ ಅತಿಶಯೋಕ್ತಿಯಲ್ಲ.

1741ರ ಯುದ್ಧವೂ ಇದಕ್ಕೆ ಸಾಕ್ಷಿ. ಬ್ರಿಟಿಷ್ ಅಡ್ಮಿರಲ್ ಎಡ್ವರ್ಡ್ ವರ್ನನ್ ಭಾರಿ ನೌಕಾಪಡೆಯೊಂದಿಗೆ ಬಂದು, ಬೋಕಾಚೀಕಾವನ್ನು ಭೇದಿಸಿ ಕೊಲ್ಲಿಯೊಳಕ್ಕೆ ನುಗ್ಗಿದರೂ ಕೊನೆಗೆ ಸೋತು ಹಿಂದಿರುಗಿದ. ಗೆಲುವಿನ ಕೀರ್ತಿ ಸ್ಪೇನಿನ ನೌಕಾಧಿಪತಿ ಬ್ಲಾಸ್ ದೆ ಲೇಸೊನ ಶೌರ್ಯಕ್ಕೂ ಸಾನ್ ಫೆಲಿಪೆಯ ಗೋಡೆಗೂ ಸಲ್ಲುತ್ತ ಬಂದಿದೆ. ಆ ಶೌರ್ಯವನ್ನು ಅಲ್ಲಗಳೆಯಬೇಕಿಲ್ಲ. ಆದರೆ ಚರಿತ್ರಕಾರ ಜೆ. ಆರ್. ಮೆಕ್‌ನೀಲ್ ತೋರಿಸಿರುವಂತೆ, ಮುತ್ತಿಗೆ ಹಾಕಿದ ಸೈನ್ಯವನ್ನು ಗುಂಡಿಗಿಂತ ಹೆಚ್ಚಾಗಿ ಕೊಂದದ್ದು ಹಳದಿ ಜ್ವರ. ಅದನ್ನು ಹರಡುವ ಸೊಳ್ಳೆ ಮೊಟ್ಟೆಯಿಡುವುದು ನಿಂತ ಸಿಹಿನೀರಿನಲ್ಲಿ, ಅಂದರೆ ಇಂಥ ತೊಟ್ಟಿ-ಬಾನಿಗಳಲ್ಲೇ. ಇಲ್ಲಿಯೇ ಬೆಳೆದು ರೋಗನಿರೋಧ ಪಡೆದವರು ಬದುಕಿದರು, ಹೊಸಬರು ಸತ್ತರು. ಕೋಟೆಯ ಕೆಲಸ ಶತ್ರುವನ್ನು ಮಳೆಗಾಲದವರೆಗೆ ತಡೆಯುವುದಾಗಿತ್ತು.

ಇಲ್ಲೊಂದು ಆಕ್ಷೇಪ ಏಳುತ್ತದೆ. ಕಾರ್ತಹೇನಾವನ್ನು ಬೆಳೆಸಿದ್ದು ಸ್ಪ್ಯಾನಿಷ್ ಸಾಮ್ರಾಜ್ಯದ ನೌಕಾಪಡೆಯ ವ್ಯವಸ್ಥೆ ಮತ್ತು ಅರಸನು ಕೊಟ್ಟ ಹಕ್ಕು. ಅವು ಹೋದಾಗ, 1815ರಲ್ಲಿ ಸ್ಪೇನಿನ ಸೇನಾಪತಿ ಮೊರಿಯೊ ಹಾಕಿದ ಮುತ್ತಿಗೆಯಲ್ಲಿ ಸಾವಿರಾರು ಜನ ಹಸಿವಿನಿಂದ ಸತ್ತಾಗ, ಊರು ಕುಸಿಯಿತು. ಇದರಲ್ಲಿ ನೀರಿನ ಪಾತ್ರವೇನು? ಪ್ರಶ್ನೆ ನ್ಯಾಯವಾದದ್ದು. ಆದರೆ ಸಾಮ್ರಾಜ್ಯ ಹೋದ ಮೇಲೂ ವ್ಯಾಪಾರ ನಿಲ್ಲಲಿಲ್ಲ. 19ನೇ ಶತಮಾನದಲ್ಲಿ ಹೊಗೆಸೊಪ್ಪು, ಬಳಿಕ ಕಾಫಿ ಮಗ್ದಲೇನಾ ನದಿಯ ಮೂಲಕವೇ ಕಡಲಿಗೆ ಇಳಿದವು. ಕಾರ್ತಹೇನಾ ಆ ನದಿಯ ಮೇಲಿಲ್ಲ. ಈ ಕೊರತೆಯನ್ನು ನೀಗಲೆಂದೇ ಗವರ್ನರ್ ಪೆದ್ರೊ ಸಪಾತಾ ದೆ ಮೆಂದೋಸಾ 1650ರಲ್ಲಿ ಜೌಗುಗಳನ್ನು ಒಂದಕ್ಕೊಂದು ಜೋಡಿಸಿ ದೀಕೆ ಕಾಲುವೆ ತೋಡಿಸಿದ್ದ. ಅದು ಹೂಳು ತುಂಬಿ ಮತ್ತೆ ಮತ್ತೆ ಮುಚ್ಚಿತು. ನದಿಮುಖದ ಬಳಿಯ ಬರಂಕಿಯಾ 1871ರಲ್ಲೇ ಕಡಲತೀರಕ್ಕೆ ರೈಲು ಹಾಕಿ ಮುಂದೆ ಹೋಯಿತು. ಕಾರ್ತಹೇನಾದ ಜನಸಂಖ್ಯೆ 10 ಸಾವಿರಕ್ಕಿಂತ ಕೆಳಗಿಳಿಯಿತು. ಊರು ಚೇತರಿಸಿಕೊಂಡದ್ದು 1894ರಲ್ಲಿ ಕಲಾಮಾರ್‌ಗೆ ರೈಲು ಬಂದ ಮೇಲೆ. ಕಲಾಮಾರ್ ಎಂದರೆ ದೀಕೆ ಕಾಲುವೆ ನದಿಯಿಂದ ಕವಲೊಡೆಯುವ ಊರು! ರೈಲು ಮಾಡಿದ್ದು ಹೂತುಹೋದ ಕಾಲುವೆಯ ಕೆಲಸವನ್ನೇ. ಅರಸನ ಹಕ್ಕು ಊರಿಗೆ ಆರಂಭ ಕೊಟ್ಟಿತು. ನದಿಯ ನಂಟು ಅದರ ಬಾಳಿಕೆಯನ್ನು ಅಳೆಯಿತು.

ಎರಡನೆಯ ಆಕ್ಷೇಪ ಇನ್ನೂ ಗಂಭೀರ: ಎಲ್ಲವನ್ನೂ ಭೂಗೋಳಕ್ಕೆ ಕಟ್ಟಿದರೆ ಮನುಷ್ಯರು ಮರೆಯಾಗುವುದಿಲ್ಲವೇ? ಕಾರ್ತಹೇನಾದ ವಿಷಯದಲ್ಲಿ ಇದಕ್ಕೆ ವಿರುದ್ಧವಾದದ್ದೇ ನಿಜ. ಸ್ಪ್ಯಾನಿಷ್ ಅಮೆರಿಕಕ್ಕೆ ಗುಲಾಮರಾಗಿ ತಂದ ಆಫ್ರಿಕನ್ನರು ಬಂದಿಳಿಯುತ್ತಿದ್ದ ಮುಖ್ಯ ಬಂದರುಗಳಲ್ಲಿ ಇದೊಂದು. ಹಡಗಿನ ತಳದಿಂದ ಇಳಿಸಿದವರ ದಾರುಣ ಸ್ಥಿತಿಯನ್ನು ಜೆಸುಯಿಟ್ ಪಾದ್ರಿ ಆಲೋನ್ಸೊ ದೆ ಸಾಂದೋವಾಲ್ 1627ರ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ. ಗೋಡೆಯ ಕಲ್ಲು ಹೊತ್ತವರಲ್ಲಿ ಅವರಿದ್ದರು. ತಪ್ಪಿಸಿಕೊಂಡವರಿಗೆ ಆಶ್ರಯವಾದದ್ದೂ ನೀರೇ: ಬೆಂಕೋಸ್ ಬಿಯೋಹೊ ತನ್ನವರೊಂದಿಗೆ ಮತೂನಾ ಜೌಗಿನೊಳಗೆ ಕುದುರೆ ಸವಾರರು ಬರಲಾಗದ ಕಡೆ ನೆಲೆ ಕಟ್ಟಿದ. ಅಧಿಕಾರಿಗಳು ಅವನೊಡನೆ ಸಂಧಾನ ಮಾಡಿಕೊಳ್ಳಬೇಕಾಯಿತು. 1621ರಲ್ಲಿ ಅವನನ್ನು ಗಲ್ಲಿಗೇರಿಸಿದರೂ ಅಂಥ ನೆಲೆಗಳು ಅಳಿಯಲಿಲ್ಲ. ಆ ಪರಂಪರೆಯ ಸಾನ್ ಬಸೀಲಿಯೊ ದೆ ಪಲೆಂಕೆ ಇಂದಿಗೂ ಇದೆ. ಅಲ್ಲಿಯ ನುಡಿಯಲ್ಲಿ ಶಬ್ದಗಳು ಹೆಚ್ಚಾಗಿ ಸ್ಪ್ಯಾನಿಷ್‌ನವು, ಆದರೆ ದನಕ್ಕೆ ‘ಂಗೊಂಬೆ’ ಎನ್ನುತ್ತಾರೆ, ಬಹುವಚನಕ್ಕೆ ನಾಮಪದದ ಮುಂದೆ ‘ಮ’ ಹಚ್ಚುತ್ತಾರೆ; ಎರಡೂ ಬಾಂಟು ಭಾಷೆಗಳ ನಂಟು. ಯುನೆಸ್ಕೊ 2005ರಲ್ಲಿ ಈ ಹಳ್ಳಿಯ ಸಂಸ್ಕೃತಿಯನ್ನು ಮನುಕುಲದ ಅಮೂರ್ತ ಪರಂಪರೆಯೆಂದು ಘೋಷಿಸಿತು. ಬಂದರು ಆಫ್ರಿಕಾದ ನಂಟನ್ನು ಮತ್ತೊಮ್ಮೆ ತಂದುಕೊಟ್ಟದ್ದೂ ಉಂಟು: 20ನೇ ಶತಮಾನದಲ್ಲಿ ನಾವಿಕರು ತಂದ ಆಫ್ರಿಕನ್ ಗ್ರಾಮಫೋನ್ ತಟ್ಟೆಗಳು ಬಡಕೇರಿಗಳ ದೊಡ್ಡ ಧ್ವನಿಪೆಟ್ಟಿಗೆಗಳಲ್ಲಿ ಮೊಳಗಿ, ಚಂಪೇತಾ ಎಂಬ ಸಂಗೀತ-ಕುಣಿತಕ್ಕೆ ಕಾರಣವಾದವು.

ನೀರಿನ ಈ ಚರಿತ್ರೆ ಮುಗಿದಿಲ್ಲ. 20ನೇ ಶತಮಾನದ ಪೂರ್ವಾರ್ಧದಲ್ಲಿ ದೀಕೆ ಕಾಲುವೆಯ ಕವಲೊಂದನ್ನು ಪಾಸಕಬಾಯೋಸ್ ಬಳಿ ನೇರವಾಗಿ ಕೊಲ್ಲಿಗೆ ತಿರುಗಿಸಿದರು; ಅಂದಿನಿಂದ ನದಿಯ ಹೂಳು ಕೊಲ್ಲಿಯನ್ನು ಕೆಂಪಾಗಿಸುತ್ತಿದೆ, ರೊಸಾರಿಯೊ ದ್ವೀಪಗಳ ಹವಳಕ್ಕೂ ತಟ್ಟುತ್ತಿದೆ. 2010ರ ನವೆಂಬರ್‌ನಲ್ಲಿ ಕಾಲುವೆಯ ದಂಡೆ ಒಡೆದು ಅತ್ಲಾಂತಿಕೊ ಪ್ರಾಂತದ ದಕ್ಷಿಣದ ಊರುಗಳು ಮುಳುಗಿದವು. ಅದೇ ದಶಕದಲ್ಲಿ ವಿಜ್ಞಾನಿಗಳು ಬೋಕಾಚೀಕಾದ ಹತ್ತಿರ, ಕದಡಿದ ನೀರಿನ ಪದರದ ಕೆಳಗೆ, ವರಾದೆರೊ ಎಂಬ ಜೀವಂತ ಹವಳದಿಬ್ಬವನ್ನು ಗುರುತಿಸಿದರು; ಹಡಗುಮಾರ್ಗವನ್ನು ಆಳಗೊಳಿಸುವ ಯೋಜನೆ ಅದರ ಮೇಲೆಯೇ ಹಾಯುವಂತಿತ್ತು. ಗೋಡೆಗೆ ಸಿಕ್ಕಿರುವ ರಕ್ಷಣೆ ಈ ಹವಳಕ್ಕೂ ಕಾಂಡ್ಲಾ ಕಾಡಿಗೂ ಜೌಗಿನ ಅಂಚಿನ ಮೀನುಗಾರರ ಕೇರಿಗಳಿಗೂ ಸಿಗಬೇಕು. ಕಾರ್ತಹೇನಾವನ್ನು ಕಾಯ್ದದ್ದು ನೀರು. ಇನ್ನು ಮುಂದೆ ನೀರನ್ನು ಕಾಯುವ ಸರದಿ ಕಾರ್ತಹೇನಾದ್ದು.