ಕೊಳ್ಳೇಗಾಲದ ಪಟ್ಟೆ ಸೀರೆ

ನಮ್ಮ ಕಡೆಯ ಮದುವೆಯ ಮನೆಗಳಲ್ಲಿ ಜರಿಯಂಚಿನ ಸೀರೆ ಕಣ್ಣಿಗೆ ಬಿದ್ದೊಡನೆ ಅದನ್ನು ಮೈಸೂರು ರೇಷ್ಮೆಯೆಂದು ಕರೆಯುವುದು ರೂಢಿಯಾಗಿದೆ. ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿ ಅಜ್ಜಿಯವರು ಹಾಗೆ ಹೇಳಿದ್ದನ್ನು ನಾನು ಕೇಳಿದವನಲ್ಲ. ಅವರ ಧಾರೆಯ ಸೀರೆಗೆ 'ಕೊಳ್ಳೇಗಾಲದ್ದು' ಎಂಬುದೇ ಹೆಸರು. ಈ ಎರಡು ಹೆಸರುಗಳ ನಡುವೆ ಒಂದು ಚರಿತ್ರೆಯೇ ಅಡಗಿರುವುದರಿಂದ ಅದನ್ನು ವಾಚಕರ ಮುಂದಿಡುತ್ತೇನೆ.

ಮೈಸೂರು ರೇಷ್ಮೆಯೆಂದು ಲೋಕಪ್ರಸಿದ್ಧವಾದ ಸೀರೆಯು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ಸ್ಥಾಪಿತವಾದ ಕಾರ್ಖಾನೆಯದು. ಯಂತ್ರದ ಮಗ್ಗದಲ್ಲಿ ನೇಯ್ದದ್ದು. ಅದರ ನಯವೂ ಹೊಳಪೂ ಶ್ಲಾಘ್ಯವೇ ಸರಿ. ಕೊಳ್ಳೇಗಾಲದ ಸೀರೆಯಾದರೋ ಕೈಮಗ್ಗದ್ದು, ಆ ಕಾರ್ಖಾನೆಗಿಂತ ಹಳೆಯದು. ಹಾಗಿದ್ದೂ ಹಿರಿಯದರ ಹೆಸರನ್ನು ಕಿರಿಯದು ನುಂಗಿದ್ದು ಹೇಗೆ?

ಶ್ರೀರಂಗಪಟ್ಟಣವು ಬಿದ್ದ 1799ರಲ್ಲಿ ಆಂಗ್ಲರು ದೇಶವನ್ನು ಹಂಚಿದಾಗ ಗುಂಡ್ಲುಪೇಟೆಯೂ, ಆಗ ಅರಿಕುಠಾರವೆನಿಸಿದ್ದ ಚಾಮರಾಜನಗರವೂ ಮೈಸೂರು ಸಂಸ್ಥಾನಕ್ಕೆ ಉಳಿದವು. ಕೊಳ್ಳೇಗಾಲವು ಕುಂಪಣಿಯ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ನಡುವಣ ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರ ಜಹಗೀರಾಯಿತು. 1956ರಲ್ಲಿ ಏಕೀಕರಣವಾಗುವವರೆಗೆ, ಎಂದರೆ 157 ವರ್ಷಕಾಲ, ಕೊಳ್ಳೇಗಾಲದವರ ಮಾತು ಕನ್ನಡ, ಕಂದಾಯ ಮಾತ್ರ ಮದರಾಸಿಗೆ. ರೈಸ್ ಮಹಾಶಯರ ಮೈಸೂರು ಗೆಜೆಟಿಯರಿನ ತಾಲ್ಲೂಕುಗಳಲ್ಲಿ ಕೊಳ್ಳೇಗಾಲವಿಲ್ಲ. ಅದನ್ನು ಅರಸುವವನು ನಿಕಲ್ಸನ್ನರು 1887ರಲ್ಲಿ ಪ್ರಕಟಿಸಿದ ಕೊಯಮತ್ತೂರು ಜಿಲ್ಲೆಯ ಕೈಪಿಡಿಯನ್ನು ತೆರೆಯಬೇಕು. ಮೈಸೂರಿನವರಿಗೆ ಅದು ಹೊರನಾಡು, ಮದರಾಸಿನವರಿಗೆ ಬೆಟ್ಟದಾಚೆಯ ಕನ್ನಡದ ಮೂಲೆ. ಎರಡು ಮನೆಯ ನೆಂಟನು ಉಪವಾಸ ಬಿದ್ದಂತೆ ಅದರ ಕೀರ್ತಿಯನ್ನು ಯಾರೂ ತಮ್ಮದೆಂದು ಸಾರಲಿಲ್ಲ.

ಆದರೆ ಹುಳುವಿಗೆ ಗಡಿಯೆಲ್ಲಿಯದು? ಟೀಪು ಸುಲ್ತಾನನು ಬಂಗಾಳದಿಂದ ರೇಷ್ಮೆಯ ಹುಳುವನ್ನು ತರಿಸಿ ಊರಿಸಿದ ಕಸುಬು ಗಡಿಯ ಎರಡು ಕಡೆಯೂ ಬೆಳೆಯಿತು. ಮದರಾಸು ಪ್ರಾಂತದಲ್ಲೆಲ್ಲ ಹಿಪ್ಪುನೇರಳೆಗೆ ಕೊಳ್ಳೇಗಾಲದ ಸೀಮೆಯೇ ಮುಖ್ಯವಾದ ನೆಲೆಯಾಗಿತ್ತು. ನೂಲು ಮನೆಯ ಬಾಗಿಲಿನಲ್ಲೇ ದೊರೆಯುತ್ತಿದ್ದಾಗ ನೇಯುವ ಕೈಗಳೂ ಅಲ್ಲಿದ್ದವು. ಅವರು ದೇವಾಂಗರು, ದೇವತೆಗಳ ಮಾನವನ್ನು ಮುಚ್ಚಲು ಮೊದಲ ವಸ್ತ್ರವನ್ನು ನೇಯ್ದ ದೇವಲ ಮಹರ್ಷಿಯು ತಮ್ಮ ಮೂಲಪುರುಷನೆಂದು ನಂಬಿದವರು. ಕೊಳ್ಳೇಗಾಲದ ದೇವಾಂಗ ಪೇಟೆ ಅವರ ಹೆಸರಿನದೇ.

ಉದ್ದನೆಯ ಎಳೆ ಹಾಸು, ಅಡ್ಡನೆಯದು ಹೊಕ್ಕು. 'ಹಾಸುಹೊಕ್ಕಾಗಿದೆ' ಎಂದು ದಿನಕ್ಕೊಮ್ಮೆಯಾದರೂ ಆಡುವ ನಾವು ಅದು ಮಗ್ಗದ ಮಾತೆಂಬುದನ್ನು ಮರೆತಿದ್ದೇವೆ. ಸಂಸ್ಕೃತದ 'ಓತಪ್ರೋತ'ವೂ ಇದೇ. ಬೃಹದಾರಣ್ಯಕದಲ್ಲಿ ಗಾರ್ಗಿಯು ಯಾಜ್ಞವಲ್ಕ್ಯನನ್ನು ಪ್ರಶ್ನಿಸುವುದು ಈ ಮಾತಿನಿಂದಲೇ. ಪಾಠಶಾಲೆಯಲ್ಲಿ ಆ ಭಾಗವನ್ನು ಓದುವಾಗ ನನಗೆ ಅರ್ಥವಾಗದಿದ್ದದ್ದು ಮುಂದೆ ಒಬ್ಬ ನೇಕಾರರ ಕುಣಿಮಗ್ಗದ ಪಕ್ಕದಲ್ಲಿ ಕುಳಿತಾಗ ಅರ್ಥವಾಯಿತು.

ಸೀರೆಯ ಒಡಲಿಗೆ ಒಂದು ಬಣ್ಣ, ಎರಡು ಅಂಚಿಗೆ ಮತ್ತೊಂದು ಬಣ್ಣ ಬೇಕೆಂದರೆ ಒಂದು ಲಾಳಿ ಸಾಲದು. ಒಡಲಿಗೊಂದು, ಅಂಚುಗಳಿಗೆ ಒಂದೊಂದು, ಹೀಗೆ ಮೂರು ಲಾಳಿಗಳು ಆಡಬೇಕು. ಆಚೆಯಂಚಿನ ಲಾಳಿಯನ್ನು ತಳ್ಳಲು ಪಕ್ಕದಲ್ಲಿ ಮತ್ತೊಬ್ಬರು ಕೂಡಬೇಕು. ಪ್ರತಿಯೊಂದು ಹೊಕ್ಕಿನಲ್ಲಿಯೂ ಒಡಲಿನ ಎಳೆಯನ್ನು ಅಂಚಿನ ಎಳೆಗೆ ಕೊಂಡಿಹಾಕಿದಂತೆ ಸೇರಿಸಬೇಕು. ಒಂದು ಸೀರೆಗೆ ಇಂಥ ಸಾವಿರಾರು ಕೊಂಡಿಗಳು. ಬೆರಳಾಡಿಸಿದರೆ ಆ ಸೇರುವೆಯು ಸಣ್ಣ ಏಣಿನಂತೆ ತಗಲುತ್ತದೆ.

1930ರ ದಶಕದಲ್ಲಿ ಜಪಾನಿನ ಅಗ್ಗದ ರೇಷ್ಮೆಯೂ ಕೃತಕ ರೇಷ್ಮೆಯೂ ಈ ಕಸುಬನ್ನು ಹಿಂಡಿದವು. ಎರಡನೆಯ ಮಹಾಯುದ್ಧದಲ್ಲಿ ಪ್ಯಾರಾಚೂಟುಗಳಿಗೆ ರೇಷ್ಮೆ ಬೇಕಾಗಿ ನೂಲಿಗೆ ಬೆಲೆ ಬಂತು, ಯುದ್ಧ ಮುಗಿದೊಡನೆ ಹೋಯಿತು. ಆಮೇಲೆ ವಿದ್ಯುತ್ತಿನ ಮಗ್ಗಗಳು ಬಂದವು. ಇದನ್ನು ವಿಸ್ತರಿಸಲು ನನಗೆ ಮನಸ್ಸಿಲ್ಲ. 1997ರಲ್ಲಿ ಚಾಮರಾಜನಗರ ಜಿಲ್ಲೆಯಾದಾಗ ಕೊಳ್ಳೇಗಾಲವೂ ನಾವೂ ಅದಕ್ಕೆ ಸೇರಿದೆವು; ಅಷ್ಟರಲ್ಲಿ ಕೊಳ್ಳೇಗಾಲದ್ದು ಎಂಬ ಮಾತೇ ನಮ್ಮ ಮನೆಗಳಿಂದ ಹೊರಟುಹೋಗಿತ್ತು.

ರಾಜರ ಚರಿತ್ರೆಗೆ ಶಾಸನಗಳುಂಟು. ನೇಕಾರನ ಶಾಸನವೆಂದರೆ ಸೀರೆಯೇ, ಅದೂ ನಮ್ಮ ಪೆಟ್ಟಿಗೆಗಳಲ್ಲಿದೆ. ಹಳೆಯ ಜರಿಯೆಂದರೆ ರೇಷ್ಮೆಯೆಳೆಗೆ ಬೆಳ್ಳಿಯ ತಂತಿಯನ್ನು ಸುತ್ತಿ ಚಿನ್ನದ ನೀರು ಕೊಟ್ಟದ್ದು. ಆ ಬೆಳ್ಳಿಗಾಗಿ ಬೀದಿಬೀದಿಯಲ್ಲಿ ಕೂಗುತ್ತ ಬರುವವರು ಸೀರೆಯನ್ನು ಕೊಂಡುಹೋಗಿ ಸುಡುತ್ತಾರೆ. ಲೋಹ ಉಳಿಯುತ್ತದೆ, ನೆಯ್ಗೆ ಬೂದಿಯಾಗುತ್ತದೆ. ನಮ್ಮ ಅಜ್ಜಿಯವರ ಸೀರೆಯೂ ಹಾಗೆಯೇ ಹೋಯಿತು. ತೂಕ ಹಾಕಿ ಕೊಟ್ಟವನು ನಾನೇ. ಆಗ ಮನೆಯಲ್ಲಿ ಮಗಳ ಶುಲ್ಕದ ಚಿಂತೆಯಿತ್ತು. ಅಂಚಿನ ಒಂದು ಗೇಣು ಮಾತ್ರ, ಇಲಿ ಕಡಿದದ್ದರಿಂದ ಮೊದಲೇ ಕತ್ತರಿಸಿ ಇಟ್ಟಿದ್ದದ್ದು, ಉಳಿದಿದೆ. ತಂದೆಯವರ ಅಮರಕೋಶದ ಓಲೆಗರಿಯ ಕಟ್ಟಿಗೆ ಅದನ್ನೇ ಸುತ್ತಿದ್ದೇನೆ. ಜರಿ ಕಪ್ಪಾಗಿದೆ. ಒಡಲೂ ಅಂಚೂ ಕೂಡುವ ಏಣು ಈಗಲೂ ಬೆರಳಿಗೆ ಸಿಕ್ಕುತ್ತದೆ.